ಗೋಡೆಯೊಳಗಿನ ಕರಕರ

ಅನ್ಸಿಫ್ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ನೇರವಾಗಿ ಬಾಲ್ಕನಿಗೆ ಹೋಗಿ ನಿಂತ. ಕಂಬಿಯ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಮೇಲಿನ ಕೊಕ್ಕೆಗೆ ಎಳೆದಿದ್ದ ತೆಳುವಾದ ತಾಮ್ರದ ವಯರನ್ನು ಬೆರಳಿನಿಂದ ಮೀಟಿ ನೋಡಿದ.

"ಇದನ್ನು ಇವತ್ತೇ ಇಳಿಸ್ಬೇಕು," ಎಂದ. "ಓನರ್ ಕೆಳಗಿಂದ ನೋಡಿದ್ದಾರೆ. ಬಟ್ಟೆ ಒಣಗಿಸ್ಲಿಕ್ಕೇ ಬಿಡುದಿಲ್ಲ ಇಲ್ಲಿ, ಇನ್ನು ವಯರಿಗೆ ಬಿಡ್ತಾರಾ?"

ಸಬೀನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಅವನನ್ನು ಕರೆಸಿದ್ದು ಬೇರೆ ಕೆಲಸಕ್ಕೆ. ಕಾರಿಡಾರಿನ ಕೊನೆಯಲ್ಲಿರುವ ಕರೆಂಟಿನ ಕಪಾಟನ್ನು ಬಿಚ್ಚಿ ನೋಡಿ ಎಂದು ಹೋದ ವಾರ ಒಮ್ಮೆ ಹೇಳಿದ್ದಳು, ಈಗ ಎರಡನೇ ಸಲ. ಅನ್ಸಿಫ್ ಬಂದವನು ಕಪಾಟಿನ ಮುಂದಿನಿಂದಲೇ ಹಾದು ಬಂದಿದ್ದ.

ಬರ್ ದುಬೈಯ ಬಟ್ಟೆ ಅಂಗಡಿಗಳ ಹಿಂದಿನ ಬೀದಿಯಲ್ಲಿದ್ದ ಆ ಆರು ಮಹಡಿಯ ಹಳೆಯ ಕಟ್ಟಡಕ್ಕೆ ಅವನು ಮ್ಯಾನೇಜರು. ಊರಿನಲ್ಲಿ ಉಳ್ಳಾಲದ ಕಡೆಯವನು, ಸಬೀನಳ ಗಂಡ ತೌಫೀಕನ ಗೆಳೆಯನ ಚಿಕ್ಕಪ್ಪನ ಮಗ. ಕೈಯಲ್ಲಿ ಮಗು ಹಿಡಿದುಕೊಂಡು ಸಬೀನ ಮೊದಲ ಸಲ ದುಬೈಗೆ ಬಂದಾಗ, ಹಂಚಿಕೊಂಡು ಇರಬೇಕಾದ ಕೋಣೆಗಳನ್ನೆಲ್ಲ ನೋಡಿ ನೋಡಿ ಸೋತಿದ್ದ ತೌಫೀಕನಿಗೆ ಈ ಫ್ಲಾಟು ಕೊಡಿಸಿದವನು ಅವನೇ. ಆ ಋಣ ಮನೆಯಲ್ಲಿ ನಾಲ್ಕನೆಯ ಮನುಷ್ಯನ ಹಾಗೆ ಇತ್ತು. ಅನ್ಸಿಫ್ ಬಂದರೆ ತೌಫೀಕ್ ಸೋಫಾದಲ್ಲಿ ಸ್ವಲ್ಪ ಮುಂದಕ್ಕೆ ಜರುಗಿ ಕೂರುತ್ತಿದ್ದ. ಈಗಲೂ ಹಾಗೆಯೇ ಕೂತಿದ್ದ.

ಬಾಲ್ಕನಿಯ ಆ ವಯರು ಸಬೀನಳ ರೇಡಿಯೊಗೆ ಕಟ್ಟಿದ್ದು. ರೇಡಿಯೊ ಬಂದದ್ದು ಅಪೊಲೊನಿಯಾಳಿಂದ. ಪಕ್ಕದ ಫ್ಲಾಟಿನಲ್ಲಿದ್ದ ಆ ಫಿಲಿಪೀನೋ ನರ್ಸ್ ಮೂರು ವರ್ಷದ ಹಿಂದೆ ಊರಿಗೆ ಹೊರಟಾಗ ಸಾಮಾನು ಖಾಲಿ ಮಾಡುತ್ತ, ಇಟ್ಟಿಗೆಗಿಂತ ತುಸು ಚಿಕ್ಕದಾದ ಆ ಶಾರ್ಟ್‌ವೇವ್ ಸೆಟ್ಟನ್ನು ಸಬೀನಳ ಕೈಯಲ್ಲಿಟ್ಟು ಹೋಗಿದ್ದಳು. ಮೊದಲ ವಾರ ಸಬೀನ ಎಲ್ಲರೂ ಮಾಡುವಂತೆ ಮೇಲಿನ ಕಡ್ಡಿಯನ್ನು ಪೂರ್ತಿ ಎಳೆದು, ಎ.ಎಂ., ಅಂದರೆ ಮೀಡಿಯಂ ವೇವ್, ಹಾಕಿ, ಏನೂ ಬರುವುದಿಲ್ಲವೆಂದು ಬದಿಗಿಟ್ಟಳು. ಆಮೇಲೆ ಮಂಗಳೂರಿನ ಕಾಲೇಜಿನಲ್ಲಿ ಓದಿದ್ದ ಭೌತಶಾಸ್ತ್ರದಲ್ಲಿ ಮದುವೆಯ ಗದ್ದಲದಲ್ಲೂ ಉಳಿದುಕೊಂಡಿದ್ದ ಏನೋ ಒಂದು ತಲೆಯೆತ್ತಿತು. ಆ ಕಡ್ಡಿ ಎಫ್.ಎಂ.ಗೆ ಮತ್ತು ಶಾರ್ಟ್‌ವೇವಿಗೆ. ಮೀಡಿಯಂ ವೇವಿಗೆ ಕಿವಿಯೇ ಬೇರೆ. ಡಬ್ಬಿಯೊಳಗೆ ಅಡ್ಡ ಮಲಗಿದ, ಬೆರಳು ಗಾತ್ರದ ಕಪ್ಪು ಫೆರೈಟ್ ದಂಡ, ಅದಕ್ಕೆ ಸುತ್ತಿದ ನೂಲಿನಂಥ ತಂತಿ. ಅದು ತನ್ನ ಎರಡು ಪಕ್ಕಗಳಿಗೆ ಚೆನ್ನಾಗಿ ಕೇಳುತ್ತದೆ, ತುದಿಗಳ ಕಡೆಗೆ ಕಿವುಡು. ಹಾಗಾಗಿ ಕಡ್ಡಿಯನ್ನು ಎಳೆದು ಪ್ರಯೋಜನವಿಲ್ಲ, ಸೆಟ್ಟನ್ನೇ ತಿರುಗಿಸಬೇಕು. ಕಾಲು ಸುತ್ತು ತಿರುಗಿಸಿದರೆ ಒಂದು ಸ್ಟೇಷನ್ ಮುಳುಗುತ್ತದೆ, ಅದರ ಅಡಿಯಲ್ಲಿದ್ದ ಇನ್ನೊಂದು ಮೇಲೆ ಬರುತ್ತದೆ.

ಹಣ್ಣಿನ ಪೆಟ್ಟಿಗೆಯೊಂದಕ್ಕೆ ತಂತಿ ಸುತ್ತಿ ಸೆಟ್ಟಿನ ಪಕ್ಕದಲ್ಲಿಟ್ಟ ಮೇಲೆ ಮೀಡಿಯಂ ವೇವ್ ಇನ್ನೂ ಗಟ್ಟಿಯಾಯಿತು. ಬಾಲ್ಕನಿಯ ವಯರು ಶಾರ್ಟ್‌ವೇವಿಗೆ, ಪೆಟ್ಟಿಗೆಯ ಸುತ್ತು ಮೀಡಿಯಂ ವೇವಿಗೆ ಎಂದು ಹಂಚಿಕೆಯಾಯಿತು. ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಅವಳು ಕಿಟಕಿಯ ಹತ್ತಿರ ಕೂರುತ್ತಿದ್ದಳು. ಇರಾನಿನವರು ಬರುತ್ತಿದ್ದರು, ಮಸ್ಕತ್ತಿನವರು ಬರುತ್ತಿದ್ದರು. ಒಂದು ಸಂಜೆ ಕಡಲಾಚೆಯಿಂದ, ನೀರಿನೊಳಗಿಂದ ಎದ್ದ ಹಾಗೆ, ಒಬ್ಬ ಹೆಂಗಸು ಕನ್ನಡದಲ್ಲಿ ಮೀನುಗಾರರಿಗೆ ಗಾಳಿಯ ಎಚ್ಚರಿಕೆ ಹೇಳುತ್ತಿದ್ದಳು. ಎರಡು ವಾಕ್ಯ, ಮತ್ತೆ ಇಲ್ಲ. ಇದೆಲ್ಲ ಫೋನಿನಲ್ಲೇ ಬರುತ್ತದಲ್ಲ ಎಂದು ತೌಫೀಕ್ ಕೇಳಿದ್ದಕ್ಕೆ, ಫೋನಿನಲ್ಲಿ ಬರುವುದು ಯಾರೋ ಕೊಟ್ಟದ್ದು, ಇದು ನಾನೇ ಹಿಡಿದದ್ದು ಎಂದು ಹೇಳಿದ್ದಳು. ಹದಿಮೂರರ ಮಗಳು ಮಿನ್ಹಾ ಮಾತ್ರ, "ಉಮ್ಮ, ಇಟ್ಸ್ ಜಸ್ಟ್ ನಾಯ್ಸ್," ಎಂದು ಹೆಡ್‌ಫೋನು ಏರಿಸಿಕೊಳ್ಳುತ್ತಿದ್ದಳು.

ಆ ನಾಯ್ಸ್‌ಗಳಲ್ಲಿ ಯಾವುದು ಯಾವುದರದ್ದು ಎಂದು ಸಬೀನಳಿಗೆ ಗುರುತಿತ್ತು. ಫೋನ್ ಚಾರ್ಜರಿನದ್ದು ಸಣ್ಣ ಗುಂಯ್, ಟಿ.ವಿ.ಯದ್ದು ಗರಗಸ, ಲಿಫ್ಟಿನದ್ದು ಏರಿ ಇಳಿಯುವ ಕೊಸರಾಟ. ಸೆಪ್ಟೆಂಬರಿನ ಆರಂಭದಲ್ಲಿ ಬಂದದ್ದು ಈ ಯಾವುದೂ ಅಲ್ಲ. ಬಾಣಲೆಯಲ್ಲಿ ಒದ್ದೆ ಕರಿಬೇವು ಹಾಕಿದ ಹಾಗೆ ಸಿಡಿಸಿಡಿ, ಮೀಡಿಯಂ ವೇವಿನ ಈ ಕೊನೆಯಿಂದ ಆ ಕೊನೆಯವರೆಗೆ. ಕಟ್ಟಡದ ಎ.ಸಿ.ಗಳು ಒಟ್ಟಿಗೆ ತಿರುಗಲು ಹಿಡಿದಾಗ ಅದು ಹೆಚ್ಚಾಗುತ್ತಿತ್ತು. ಅವಳು ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ, ಬ್ಯಾಟರಿಯಲ್ಲಿ ಸೆಟ್ಟು ಹಾಕಿ ಕೇಳಿದಳು. ಸದ್ದು ಕಡಿಮೆಯಾಗಲಿಲ್ಲ. ನಮ್ಮದಲ್ಲ ಎಂದಾಯಿತು.

ಮರುದಿನ ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ಸೆಟ್ಟನ್ನು ಎದೆಗೆ ಒತ್ತಿಕೊಂಡು ಕಾರಿಡಾರಿಗೆ ಬಂದಳು. ಬಯಲಿನಲ್ಲಾದರೆ ದಂಡವನ್ನು ತಿರುಗಿಸಿ ದಿಕ್ಕು ಹೇಳಬಹುದಿತ್ತು. ಇಲ್ಲಿ ಗೋಡೆಗಳ ತುಂಬ ವಯರು, ಸದ್ದು ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ. ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ಸರಿಸಿ, ಧ್ವನಿ ಕಡಿಮೆ ಮಾಡಿ, ಸೆಟ್ಟನ್ನು ಗೋಡೆಗೆ ತಾಗಿಸಿ ಒಂದೊಂದೇ ಬಾಗಿಲು ದಾಟಿದಳು. ಕೊನೆಯ ಫ್ಲಾಟಿನ ಪಕ್ಕ, ಕರೆಂಟಿನ ಕಪಾಟಿನ ಹತ್ತಿರ ಸೆಟ್ಟು ಕಿರುಚಿತು. ಕೆಳಗಿನ ಮಹಡಿಯ ಅದೇ ಜಾಗದಲ್ಲಿ ಸದ್ದು ಅರ್ಧಕ್ಕೆ ಇಳಿಯಿತು. ಮೇಲಿನ ಮಹಡಿಯಲ್ಲೂ ಹಾಗೆಯೇ. ಅಂದರೆ ತಮ್ಮ ಮಹಡಿಯ ಕಪಾಟಿನಲ್ಲಿಯೇ. ಅದರೊಳಗೆ ಎಲ್ಲೋ ಒಂದು ವಯರಿನ ಗಂಟು ಸಡಿಲವಾಗಿ ಕಿಡಿ ಹಾರುತ್ತಿದೆ.

ಇದನ್ನೇ ಅವಳು ಈಗ ಅನ್ಸಿಫ್‌ಗೆ ಎರಡನೇ ಸಲ ಹೇಳಿದಳು.

"ನಾನು ಹೋದ ವಾರವೇ ತೆಗ್ದು ನೋಡಿದ್ದೆ, ಎಂತದ್ದೂ ಇಲ್ಲ," ಎಂದ ಅನ್ಸಿಫ್. "ಈ ವಯರೇ ಎಲ್ಲ ಎಳಿತಾ ಉಂಟು. ಇದನ್ನು ತೆಗೀರಿ, ನಿಮ್ಮ ಸದ್ದೂ ಹೋಗ್ತದೆ."

ಸಬೀನ ಬಾಲ್ಕನಿಗೆ ಹೋಗಿ ಎರಡೂ ತುದಿಯ ಗಂಟು ಬಿಚ್ಚಿದಳು. ವಯರನ್ನು ಸುರುಳಿ ಸುತ್ತಿ ಅನ್ಸಿಫ್‌ನ ಕೈಯಲ್ಲಿಟ್ಟಳು. ಹಣ್ಣಿನ ಪೆಟ್ಟಿಗೆಯನ್ನು ಕೋಣೆಯೊಳಗೆ ಹಾಕಿ ಬಾಗಿಲೆಳೆದಳು. ಸೆಟ್ಟಿನ ಮೇಲಿನ ಕಡ್ಡಿಯನ್ನು ಮಡಿಸಿ ಒಳಗೆ ತಳ್ಳಿದಳು. ಆಮೇಲೆ ಗುಂಡಿ ಒತ್ತಿದಳು. ಸಿಡಿಸಿಡಿ ಸದ್ದು ಹಾಲನ್ನೆಲ್ಲ ತುಂಬಿತು. ಹೊರಗೆ ಎಳೆದದ್ದು ಒಂದೂ ಇಲ್ಲ, ಒಳಗಿನ ದಂಡ ಮಾತ್ರ ಕೇಳುತ್ತಿದೆ ಎಂದು ಅವಳು ವಿವರಿಸಿದಳು.

ಅನ್ಸಿಫ್ ಸುರುಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ. "ಹಾಗಾದ್ರೆ ರೇಡಿಯೊ ಕೇಳ್ಬೇಡಿ," ಎಂದ. "ಯಾರು ಕೇಳ್ತಾರೆ ಈಗ ಅದನ್ನು?"

ಅವನು ಹೋದ ಮೇಲೆ ತೌಫೀಕ್ ಎದ್ದು ಬಾಗಿಲ ಚಿಲಕ ಹಾಕಿ ಬಂದ. ಆಮೇಲೆ ಮೆತ್ತಗೆ, ಅವಳ ಒಳ್ಳೆಯದಕ್ಕೇ ಎಂಬಂತೆ ಹೇಳಿದ. ಇದು ನಮ್ಮ ದೇಶ ಅಲ್ಲ. ಇಲ್ಲಿ ದೂರು ಕೊಡುವವರ ಹೆಸರು ಮೊದಲು ಬರುತ್ತದೆ. ಹದಿಮೂರು ವರ್ಷ ಯಾರ ಬಾಯಿಗೂ ಬೀಳದೆ ಬದುಕಿದ್ದೇವೆ, ಮಿನ್ಹಾಳ ಶಾಲೆ ಮುಗಿಯುವವರೆಗೆ ಇನ್ನು ಸ್ವಲ್ಪ ಹಾಗೆಯೇ ಇರುವ. ಸಬೀನಳಿಗೆ ಈ ಮಾತು ಬಾಯಿಪಾಠವಾಗಿತ್ತು. ಅವಳೂ ಇದನ್ನು ನಂಬಿದ್ದಳು, ಬೇರೆಯವರಿಗೆ ಹೇಳಿಯೂ ಇದ್ದಳು. ಆದರೆ ಆ ಹೊತ್ತು ಅವಳ ತಲೆಯಲ್ಲಿದ್ದದ್ದು ಇಷ್ಟೇ: ಅನ್ಸಿಫ್ ಸಿಡಿತವನ್ನು ನಿಲ್ಲಿಸುವ ಮಾತಾಡಲಿಲ್ಲ, ಕೇಳುವುದನ್ನು ನಿಲ್ಲಿಸಲು ಹೇಳಿದ.

ಕಪಾಟಿಗೆ ಒತ್ತಿಕೊಂಡಿದ್ದ ಕೊನೆಯ ಫ್ಲಾಟು ಮಧುಮತಿಯದ್ದು. ವಿಜಯಪುರದ ಕಡೆಯವಳು. ಗಂಡ ಭರತ ಸಿವಿಲ್ ಇಂಜಿನಿಯರ್, ವಾರಪೂರ್ತಿ ಅಬುಧಾಬಿಯ ಖಲೀಫಾ ಸಿಟಿಯ ಸೈಟಿನಲ್ಲಿದ್ದು ವಾರಾಂತ್ಯಕ್ಕೆ ಬರುತ್ತಿದ್ದ. ಎಂಟು ತಿಂಗಳ ಮಗು ನಿಸರ್ಗಳ ಜೊತೆ ಅವಳೊಬ್ಬಳೇ ಇರುತ್ತಿದ್ದಳು. ಮರುದಿನ ಬೆಳಿಗ್ಗೆ ಸಬೀನ ಸೆಟ್ಟನ್ನು ಹಿಡಿದುಕೊಂಡೇ ಅವಳ ಮನೆಗೆ ಹೋದಳು. ಮಲಗುವ ಕೋಣೆಯಲ್ಲಿ ಕಪಾಟಿನ ಬೆನ್ನಿಗೆ ಬರುವ ಗೋಡೆಗೆ ತಾಗಿಸಿ ಮಗುವಿನ ತೊಟ್ಟಿಲು ಇಟ್ಟಿದ್ದರು. ಮಗು ನಿದ್ದೆಯಲ್ಲಿತ್ತು. ಸಬೀನ ಅಂಗೈಯನ್ನು ಗೋಡೆಯ ಮೇಲೆ ಇಟ್ಟು, ಎರಡು ಮೊಳ ಆಚೆ ಇಟ್ಟು, ಮತ್ತೆ ಮೊದಲಿನ ಜಾಗಕ್ಕೆ ತಂದಳು.

"ಒಮ್ಮೆ ನೀವು ಮುಟ್ಟಿ ನೋಡಿ," ಎಂದಳು.

ಮಧುಮತಿ ಮುಟ್ಟಿದಳು. "ಬೆಚ್ಚಗ ಐತಲ್ರಿ," ಎಂದಳು. ಆಮೇಲೆ ನಿಧಾನವಾಗಿ ನೆನಪು ಮಾಡಿಕೊಂಡಳು. "ಎ.ಸಿ. ಚಾಲೂ ಆದಾಗೆಲ್ಲ ಲೈಟ್ ಮಿಣುಕ್ತಾವ್ರಿ ಅಕ್ಕಾರ. ಬಲ್ಬ್ ಹಳೇವು ಅದಾವ, ಬದಲಿ ಮಾಡ್ರಿ ಅಂದ್ರು ಮ್ಯಾನೇಜರು. ಮಾಡಿದ್ವಿ. ಆದ್ರೂ ಮಿಣುಕ್ತಾವ."

ಸಬೀನ ಸೆಟ್ಟನ್ನು ಹಾಕಿ ಗೋಡೆಗೆ ಹಿಡಿಯಬೇಕೆಂದಿದ್ದಳು. ಹಿಡಿಯಲಿಲ್ಲ, ಮಗು ಎದ್ದೀತು. ಇಬ್ಬರೂ ಸೇರಿ ತೊಟ್ಟಿಲನ್ನು ಎತ್ತಿ ಹಾಲಿಗೆ ತಂದರು. ಭರತನಿಗೆ ಹೇಳಿ ಕೇಳೋಣ ಎಂದು ಮಧುಮತಿ ಫೋನು ತೆಗೆದುಕೊಂಡಳು, ಅವನು ಎತ್ತಲಿಲ್ಲ. ಕರೆಂಟಿನವರಿಗೇ ಫೋನ್ ಮಾಡುತ್ತೇನೆ ಎಂದಳು ಸಬೀನ. ಯಾರಾದರೂ ಬೈದರೆ ಎಂದು ಮಧುಮತಿ ಕೇಳಿದಳು. ಬೈಯುವುದಾದರೆ ನನಗೆ ಬೈಯಲಿ, ನಿಮ್ಮ ಹೆಸರು ಹೇಳುವುದಿಲ್ಲ ಎಂದಳು ಸಬೀನ. ನಂತರ ತೊಟ್ಟಿಲಿನ ಪಕ್ಕದಲ್ಲಿ ನೆಲದ ಮೇಲೆ ಕೂತು, ಕರೆಂಟಿನವರ ತುರ್ತು ನಂಬರಿಗೆ ಫೋನ್ ಮಾಡಿದಳು. ಆಚೆಯ ಧ್ವನಿ ಹೆಸರು ಕೇಳಿತು. ತೌಫೀಕನ ಹೆಸರು ಹೇಳಬಹುದಿತ್ತು, ಏನೂ ಹೇಳದೆ ಇಡಲೂಬಹುದಿತ್ತು. ಅವಳು ತನ್ನ ಹೆಸರು, ತನ್ನ ಫ್ಲಾಟ್ ನಂಬರು, ತನ್ನ ಮೊಬೈಲ್ ನಂಬರು ಹೇಳಿದಳು. ಆಚೆಯವರಿಗೆ ಸರಿಯಾಗಿ ಕೇಳಿಸದೆ ಮತ್ತೊಮ್ಮೆ ಕೇಳಿದಾಗ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿದಳು.

ಅವರು ಮಧ್ಯಾಹ್ನದ ಮೊದಲೇ ಬಂದರು, ಇಬ್ಬರು. ಕಪಾಟಿನ ಮುಂದಿನ ಬಾಗಿಲು ತೆರೆದಾಗ ಏನೂ ಕಾಣಲಿಲ್ಲ. ಹಿಂದಿನ ಹಲಗೆಯ ತಿರುಪು ಬಿಚ್ಚಿದಾಗ ಸುಟ್ಟ ರಬ್ಬರಿನ ವಾಸನೆ ಕಾರಿಡಾರಿಗೆ ಬಂತು. ದಪ್ಪ ಕೇಬಲ್ಲೊಂದು ಕೂಡುವ ಕಡೆ ಕರಕಲಾಗಿ, ಮೇಲಿನ ಪ್ಲಾಸ್ಟಿಕ್ಕು ಕರಗಿ ಗೋಡೆಗೆ ಅಂಟಿತ್ತು. ಹಿರಿಯವನು ಅದನ್ನು ಟಾರ್ಚಿನಲ್ಲಿ ನೋಡಿ, ತಿರುಗಿ ತೊಟ್ಟಿಲು ಇದ್ದ ಫ್ಲಾಟಿನ ಬಾಗಿಲನ್ನು ನೋಡಿದ. ಇಡೀ ಕಟ್ಟಡದ ಕರೆಂಟನ್ನು ಅಲ್ಲಿಂದಲೇ ಕಡಿಸಿದ. ಹಳೆಯ ಕೇಬಲ್ಲು ಪೂರ್ತಿ ಬದಲಾಗಬೇಕು, ಅದು ಕಟ್ಟಡದವರ ಕೆಲಸ, ನಾಳೆಯವರೆಗೆ ಕರೆಂಟು ಇಲ್ಲ ಎಂದು ಅನ್ಸಿಫ್‌ಗೆ ಹೇಳಿ ಹೋದರು.

ಎ.ಸಿ.ಗಳೆಲ್ಲ ಒಟ್ಟಿಗೆ ನಿಂತು ಕಟ್ಟಡ ಮೂಕವಾಯಿತು. ಅರ್ಧ ಗಂಟೆಯೊಳಗೆ ಗೋಡೆಗಳು ಬೆವರತೊಡಗಿದವು. ಲಿಫ್ಟಿಲ್ಲ, ನೀರು ಏರಿಸುವ ಪಂಪಿಲ್ಲ. ಹೋಗಲು ಜಾಗ ಇದ್ದವರು ಮಕ್ಕಳನ್ನು ಕಟ್ಟಿಕೊಂಡು ಹೋದರು. ಇಲ್ಲದವರು ಮೆಟ್ಟಿಲುಗಳ ಮೇಲೆ ಬಂದು ಕೂತರು. ಸಂಜೆಯ ಹೊತ್ತಿಗೆ ಮೆಟ್ಟಿಲಿನಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು: ಕರೆಂಟಿನವರನ್ನು ಕರೆಸಿದ್ದು ಯಾರು? ಮೊದಲ ಮಹಡಿಯವರ ಫ್ರಿಜ್ಜಿನಲ್ಲಿ ಅಡುಗೆ ಕೆಲಸಕ್ಕೆ ತಂದಿಟ್ಟ ಮಾಂಸವಿತ್ತು. ಐದನೆಯ ಮಹಡಿಯಲ್ಲಿ ಮೊಣಕಾಲು ನೋವಿನ ಹೆಂಗಸೊಬ್ಬರಿದ್ದರು. ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದವನು ನಾಲ್ಕನೆಯ ಮಹಡಿಯ ಬಲೂಚಿ ಮುದುಕ, ಕೆಳಗಿನ ಬೀದಿಯಲ್ಲಿ ದರ್ಜಿ. ಎಲ್ಲ ಸರಿಯಾಗಿಯೇ ಇತ್ತು, ಯಾರೋ ಹೊರಗಿನವರನ್ನು ಕರೆಸಿ ಹಾಳು ಮಾಡಿದರು, ಯಾರವರು, ಬರಲಿ ಮುಂದೆ ಎಂದು ಹಿಂದಿಯಲ್ಲಿ ಕೂಗುತ್ತಿದ್ದ.

ತೌಫೀಕ್ ಜೆಬೆಲ್ ಅಲಿಯ ಗೋದಾಮಿನಿಂದ ಆಗಷ್ಟೇ ಬಂದು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಅರ್ಧ ವಿಷಯ ಅವನಿಗೆ ದಾರಿಯಲ್ಲೇ ಫೋನಿನಲ್ಲಿ ಬಂದಿತ್ತು. ಬಾಗಿಲಲ್ಲಿ ನಿಂತಿದ್ದ ಸಬೀನಳ ಮೊಣಕೈ ಹಿಡಿದು ಒಳಗೆ ಕರೆದ. ಅವಳು ಕೈ ಬಿಡಿಸಿಕೊಂಡು ಮೆಟ್ಟಿಲಿನ ತಿರುವಿಗೆ ಬಂದು ನಿಂತಳು.

"ಮೈನೇ ಕಿಯಾ," ಎಂದಳು. ನಾನು ಮಾಡಿದ್ದು.

ಜನ ಅವಳನ್ನು ನೋಡಿದರು. ಅವಳು ಕಾರಣ ಹೇಳಲು ಹೊರಡಲಿಲ್ಲ. ಕಪಾಟಿನ ಹಿಂದಿನ ಹಲಗೆ ಇನ್ನೂ ಬಿಚ್ಚಿಯೇ ಇದೆ, ನೋಡಬೇಕೆಂದವರು ಹೋಗಿ ನೋಡಬಹುದು ಎಂದಷ್ಟೇ ಹೇಳಿದಳು. ಇಬ್ಬರು ಮೂವರು ಎದ್ದು ಹೋದರು. ಮುದುಕ ಎದ್ದು ಹೋಗಲಿಲ್ಲ. ನೋಡಿ ಬಂದವರು ಮತ್ತೆ ಮೊದಲಿನ ಹಾಗೆ ಮಾತಾಡಲಿಲ್ಲ.

ಆಗಲೇ ಅನ್ಸಿಫ್ ಮೇಲೆ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಬೆಳಿಗ್ಗೆಯಿಂದ ಅವನು ಬೈಸಿಕೊಂಡದ್ದು ಮುಖದಲ್ಲಿತ್ತು. ಫೋನನ್ನು ಅಂಗೈಯಿಂದ ಮುಚ್ಚಿ ಹಿಡಿದು, ತೌಫೀಕನನ್ನೂ ಅವಳನ್ನೂ ಬಾಗಿಲೊಳಗೆ ಕರೆದು ಮೆಲ್ಲಗೆ ಹೇಳಿದ.

"ಓನರ್ ಲೈನಲ್ಲಿದ್ದಾರೆ. ನಮ್ಗೆ ಹೇಳದೆ ಹೊರಗೆ ಫೋನ್ ಮಾಡಿದ್ದು ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ. ಅಷ್ಟೇ ಸಾಕು ಅವರಿಗೆ. ನನ್ನ ಕೆಲಸವೂ ಉಳೀತದೆ, ನಿಮ್ಮ ಮನೆಯೂ ಉಳೀತದೆ."

ತೌಫೀಕ್ ಹೆಂಡತಿಯ ಮುಖ ನೋಡಿದ. ಅದರಲ್ಲಿ ಬೇಡಿಕೆಯಿತ್ತು. ಸಬೀನ ಫೋನನ್ನು ತೆಗೆದುಕೊಂಡು ಕಿವಿಗಿಟ್ಟಳು. ಸಲಾಂ ಹೇಳಿದಳು. ಆಮೇಲೆ ತನಗೆ ಬರುವ ನೇರ ಇಂಗ್ಲಿಷಿನಲ್ಲಿ, ಅವಸರವಿಲ್ಲದೆ, ನಿಮ್ಮ ಮ್ಯಾನೇಜರಿಗೆ ನಾನು ಎರಡು ಸಲ ಹೇಳಿದ್ದೆ, ಗೋಡೆಯ ಆಚೆ ಒಂದು ಮಗು ಮಲಗುತ್ತಿತ್ತು, ಮುಂದೆ ಇಂಥದ್ದು ಕಂಡರೆ ಮತ್ತೆ ಫೋನ್ ಮಾಡುತ್ತೇನೆ ಎಂದಳು. ಆಚೆಯಿಂದ ಏನೋ ಉದ್ದದ ಮಾತು ಬಂತು. ಅವಳು ಪೂರ್ತಿ ಕೇಳಿದಳು. "ಓಕೆ," ಎಂದು ಫೋನನ್ನು ಅನ್ಸಿಫ್‌ಗೆ ವಾಪಸು ಕೊಟ್ಟಳು.

"ಈ ವರ್ಷ ಮುಗಿದ್ರೆ ಮನೆ ಖಾಲಿ ಮಾಡ್ಬೇಕಂತೆ," ಎಂದಳು ಗಂಡನಿಗೆ.

ಅನ್ಸಿಫ್ ತಲೆಯ ಮೇಲೆ ಕೈಯಿಟ್ಟುಕೊಂಡ. "ತೌಫೀಕ್ ಭಾಯ್, ನೀವಾದ್ರೂ ಹೇಳಿ ಇವರಿಗೆ. ನಾಳೆ ನಾನೇ ಮಾತಾಡಿ ಸರಿ ಮಾಡ್ತೇನೆ. ಒಂದು ಮಾತು, ಅಷ್ಟೇ."

ತೌಫೀಕ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅವನ ಕಣ್ಣು ಕಾರಿಡಾರಿನ ಕೊನೆಯಲ್ಲಿ ಬಾಯಿ ತೆರೆದಿದ್ದ ಕಪಾಟಿನ ಕಡೆಗಿತ್ತು. ಮೇಲೆ ಬರುವಾಗ ಅವನು ಅದರ ಮುಂದೆ ನಿಂತು ನೋಡಿಯೇ ಬಂದಿದ್ದನೆಂದು ಸಬೀನಳಿಗೆ ಗೊತ್ತಿರಲಿಲ್ಲ.

"ಅವಳು ಹೇಳಿದ್ರಲ್ಲಿ ಸುಳ್ಳು ಎಂತ ಉಂಟು ಅನ್ಸಿಫ್?" ಎಂದ. "ಮನೆ ಬೇರೆ ನೋಡುವ. ಖಲಾಸ್."

ಅನ್ಸಿಫ್ ಅವರಿಬ್ಬರನ್ನೂ ಹೊಸಬರನ್ನು ನೋಡುವಂತೆ ನೋಡಿದ. ಕೋಪ ಮಾಡಿಕೊಳ್ಳಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ. ಮೆಟ್ಟಿಲಿನಲ್ಲಿ ಒಂದು ಮಗು ಸೆಕೆಗೆ ಅಳುತ್ತಲೇ ಇತ್ತು. ಅವನು ಕೆಳಗಿಳಿಯಲು ಹೊರಟವನು ನಿಂತು, ಸೊಂಟದ ಕೀಲಿಗೊಂಚಲಿನಿಂದ ಒಂದನ್ನು ಹುಡುಕಿ ತೆಗೆದು, ಮೇಲಕ್ಕೆ ಹತ್ತಿದ. ಬಾಡಿಗೆಯವರಿಗೆ ಎಂದೂ ತೆರೆಯದ ತಾರಸಿಯ ಬಾಗಿಲು ತೆರೆದ ಸದ್ದು ಕೇಳಿತು. ಮಕ್ಕಳಿದ್ದವರು ಮೇಲೆ ಬನ್ನಿ ಎಂದು ಅವನು ಮೇಲಿನಿಂದಲೇ ಕರೆದ.

ಕತ್ತಲಾಗುತ್ತಿತ್ತು. ತಾರಸಿಯ ಮೇಲೆ ಗಾಳಿ ಎಂದು ಹೇಳುವಷ್ಟು ಇರಲಿಲ್ಲ, ಆದರೆ ಗೋಡೆಗಳಿರಲಿಲ್ಲ. ಊರೊಳಗೆ ಚಾಚಿದ ಕಡಲಿನ ಖಾಡಿಯ ಕಡೆಯಿಂದ ಉಪ್ಪಿನ, ಡೀಸೆಲ್ಲಿನ ವಾಸನೆ ಬರುತ್ತಿತ್ತು. ಜನ ಚಾಪೆ, ರಟ್ಟು, ಬೆಡ್‌ಶೀಟು ಸಿಕ್ಕಿದ್ದು ಹಾಸಿ ಕೂತರು. ಮಧುಮತಿ ನಿಸರ್ಗಳ ಅಂಗಿ ಬಿಚ್ಚಿ ರಟ್ಟಿನಿಂದ ಗಾಳಿ ಬೀಸುತ್ತಿದ್ದಳು. ಮಿನ್ಹಾಳ ಫೋನಿನ ಚಾರ್ಜು ಮುಗಿದಿತ್ತು. ಅವಳು ಉಮ್ಮನ ಪಕ್ಕ ಮೊಣಕಾಲು ತಬ್ಬಿ ಕೂತು, ನಾವು ನಿಜವಾಗಿ ಮನೆ ಬಿಡಬೇಕಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದು ಎಂದಳು ಸಬೀನ. ಮಿನ್ಹಾ ಗಲ್ಲವನ್ನು ಮೊಣಕಾಲಿನ ಮೇಲಿಟ್ಟು, "ಯು ವರ್ ರೈಟ್ ದೋ," ಎಂದಳು.

ಸಬೀನ ಸೆಟ್ಟನ್ನು ಮಡಿಲಲ್ಲಿಟ್ಟು ಗುಂಡಿ ಒತ್ತಿದಳು. ವಯರಿಲ್ಲ, ಪೆಟ್ಟಿಗೆಯಿಲ್ಲ, ಕಡ್ಡಿ ಮಡಿಸಿಯೇ ಇತ್ತು. ಕೆಳಗೆ ಆರು ಮಹಡಿಗಳಲ್ಲಿ ಒಂದು ಚಾರ್ಜರೂ ಉಸಿರಾಡುತ್ತಿರಲಿಲ್ಲ. ಅವಳು ಎಂದೂ ಕೇಳಿರದಷ್ಟು ಸ್ಟೇಷನ್ನುಗಳು, ಒಂದರ ಪಕ್ಕ ಒಂದು, ಬೀದಿಯ ಅಂಗಡಿಗಳ ಹಾಗೆ ದೀಪ ಹಚ್ಚಿ ಕೂತಿದ್ದವು. ಅರಬ್ಬಿ ದಾಟಿತು, ಫಾರ್ಸಿ ದಾಟಿತು, ಹಿಂದಿಯಲ್ಲಿ ಯಾರೋ ನಕ್ಕರು. ಪಕ್ಕದ ಚಾಪೆಯವರು ತಿರುಗಿ ನೋಡಿದರು. ಯಾರೂ ಸದ್ದು ಕಡಿಮೆ ಮಾಡಿ ಎನ್ನಲಿಲ್ಲ. ಅಂದಿದ್ದರೂ ಅವಳು ಮಾಡುತ್ತಿರಲಿಲ್ಲ.

ಮುಳ್ಳು ಇನ್ನೂ ಸ್ವಲ್ಪ ಸರಿದಾಗ ಒಬ್ಬ ಮುದುಕನ ಹಾಡು ಬಂತು. ಒಂದೇ ತಂತಿ ವಾದ್ಯ, ಅವಳಿಗೆ ತಿಳಿಯದ ಭಾಷೆ. ದಾಟಿ ಹೋಗುವಷ್ಟರಲ್ಲಿ, ನೀರಿನ ಟ್ಯಾಂಕಿನ ಮರೆಯಲ್ಲಿ ಒಬ್ಬನೇ ಕೂತಿದ್ದ ಬಲೂಚಿ ದರ್ಜಿ ಎದ್ದ. ಅವಳಿಂದ ಎರಡು ಮಾರು ದೂರದಲ್ಲಿ, ಅವಳ ಕಡೆ ನೋಡದೆ, ಬರಿಯ ಸಿಮೆಂಟಿನ ಮೇಲೆ ಬಂದು ಕೂತ. ಮೈಮರೆತವನಂತೆ, ಹಾಡಿನ ಮಾತಿಗೆ ಸರಿಯಾಗಿ ಅವನ ತುಟಿ ಅಲುಗುತ್ತಿತ್ತು.

ಹಾಡು ಮಸುಕಾಗತೊಡಗಿತು. ಸಬೀನ ಸೆಟ್ಟನ್ನು ಮಡಿಲಿನಿಂದ ಎತ್ತಿ, ಗಾಳಿಯಲ್ಲಿ ಹಿಡಿದು, ನಿಧಾನವಾಗಿ ತಿರುಗಿಸಿದಳು. ಒಂದು ಕಡೆ ಧ್ವನಿ ಪೂರ್ತಿ ಅಡಗಿ, ಇನ್ನೂ ತಿರುಗಿಸಿದಾಗ ಎದ್ದು ನಿಂತಿತು. ಅದೇ ದಿಕ್ಕಿನಲ್ಲಿ ಎರಡೂ ಕೈಗಳಲ್ಲಿ ಅದನ್ನು ಅಲುಗಾಡದಂತೆ ಹಿಡಿದು ಕೂತಳು. ತೌಫೀಕ್ ಕೆಳಗಿನಿಂದ ನೀರಿನ ಕ್ಯಾನು ಹೊತ್ತು ತಂದು, ಲೋಟ ತುಂಬಿಸಿ ಅವಳ ಕಡೆ ಚಾಚಿದ. ಅವಳ ಕೈ ಬಿಡುವಿಲ್ಲದ್ದನ್ನು ನೋಡಿ, ಲೋಟವನ್ನು ಹಿಡಿದುಕೊಂಡೇ ಪಕ್ಕದಲ್ಲಿ ಕೂತ.